ವಾಚ್ಯ, ವ್ಯಂಗ್ಯ, ಅನುಮೇಯ: ಮೊಬೈಲಿನೊಡನೆ ಮನುಷ್ಯನ ವ್ಯವಹಾರದ ವಿಚಾರ

೧

ಕೈಯಲ್ಲಿ ಹಿಡಿದು ತಿರುಗುವ ಗಣಕಯಂತ್ರದೊಡನೆ, ಎಂದರೆ ಮೊಬೈಲಿನೊಡನೆ, ಮನುಷ್ಯನು ಎರಡು ಬಗೆಯಲ್ಲಿ ವ್ಯವಹರಿಸುತ್ತಾನೆಂದು ಆ ಶಾಸ್ತ್ರವನ್ನು ಬಲ್ಲವರು ಹೇಳುತ್ತಾರೆ. ಗುಂಡಿಯನ್ನೊತ್ತಿ, ತೆರೆಯ ಮೇಲೆ ಬೆರಳಾಡಿಸಿ, ಅಕ್ಷರಗಳನ್ನು ಬರೆದು, ಬಾಯಿಂದ ಅಪ್ಪಣೆಯನ್ನು ಕೊಟ್ಟು ಮಾಡಿಸುವ ಕೆಲಸ ಒಂದು ಬಗೆ; ಇದಕ್ಕೆ ಅವರು ‘ಎಕ್ಸ್‌ಪ್ಲಿಸಿಟ್’ ಎಂದು ಹೆಸರಿಟ್ಟಿದ್ದಾರೆ. ಮನುಷ್ಯನು ತನ್ನ ಪಾಡಿಗೆ ತಾನು ನಡೆಯುತ್ತಲೋ, ಮಲಗಿಯೋ, ಫೋನನ್ನು ಕಿವಿಗೆ ಹಿಡಿದೋ ಇರುವಾಗ ಯಂತ್ರವು ಅದನ್ನು ಕಂಡುಕೊಂಡು ತಾನಾಗಿ ಮಾಡುವ ಕೆಲಸ ಇನ್ನೊಂದು ಬಗೆ. ಇದಕ್ಕೆ ‘ಇಂಪ್ಲಿಸಿಟ್’ ಎಂದು ಹೆಸರು. ಈ ವಿಭಾಗವನ್ನು ಕನ್ನಡದಲ್ಲಿ ಹೇಳಹೊರಟವರಿಗೆ ವಾಚ್ಯ ಮತ್ತು ವ್ಯಂಗ್ಯ ಎಂಬ ಅಲಂಕಾರಶಾಸ್ತ್ರದ ಜೋಡಿಯು ಒಡನೆಯೇ ಸ್ಮರಣೆಗೆ ಬರುವುದು ಸಹಜ. ಕವಿರಾಜಮಾರ್ಗದ ಕಾಲದಿಂದಲೂ ಧ್ವನಿಯೆಂಬ ಹೆಸರನ್ನು ಕೇಳಿ ಬಲ್ಲ ನಾಡಿನಲ್ಲಿ, ಬಾಯಿಬಿಟ್ಟು ಹೇಳದೆ ತಿಳಿಯುವುದೆಲ್ಲ ಧ್ವನಿಯೇ ಎಂದು ತೋರಿದರೆ ಆಶ್ಚರ್ಯವಿಲ್ಲ. ನಮಗೂ ಮೊದಲು ಹಾಗೆಯೇ ತೋರಿತ್ತು.

ಆದರೆ ವಿಚಾರಿಸಿದಷ್ಟೂ ಈ ಹೋಲಿಕೆ ನಿಲ್ಲುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಯಿತು. ಇದು ಬರಿಯ ಪರಿಭಾಷೆಯ ಜಗಳವಲ್ಲ. ಹೇಳದಿದ್ದ ಮಾತನ್ನು ಮನುಷ್ಯನು ಹೇಳಿದನೆಂದು ಎಣಿಸುವುದಕ್ಕೆ ಯಾರಿಗೆ ಅಧಿಕಾರವುಂಟು, ಆ ಎಣಿಕೆ ತಪ್ಪಾದಾಗ ಹೊಣೆ ಯಾರದು ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ. ಆದುದರಿಂದ ಈ ವಿಭಾಗವನ್ನು ಮಾಡಿದವರ ಲಕ್ಷಣವನ್ನು ಮೊದಲು ಯಥಾರ್ಥವಾಗಿ ತಿಳಿದು, ಅನಂತರ ಅದನ್ನು ನಮ್ಮ ಶಾಸ್ತ್ರದ ಒರೆಗಲ್ಲಿಗೆ ತಿಕ್ಕಿ ನೋಡುವುದು ಈ ಲೇಖನದ ಉದ್ದೇಶ.

೨

೧೯೯೧ರಲ್ಲಿ ಅಮೆರಿಕದ ಮಾರ್ಕ್ ವೈಸರ್ ಎಂಬ ವಿದ್ವಾಂಸರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಇಪ್ಪತ್ತೊಂದನೆಯ ಶತಮಾನದ ಗಣಕಯಂತ್ರವನ್ನು ಕುರಿತು ಒಂದು ಪ್ರಬಂಧವನ್ನು ಬರೆದರು. ಯಂತ್ರವು ಕಣ್ಣಿಗೆ ಬೀಳದೆ ನಿತ್ಯಜೀವನದಲ್ಲಿ ಬೆರೆತುಹೋಗಬೇಕೆಂಬುದು ಅದರ ಸಾರಾಂಶ. ಈ ಆದರ್ಶದ ಬೆನ್ನಹಿಂದೆ ಬಂದವರಲ್ಲಿ ಆಲ್ಬ್ರೆಕ್ಟ್ ಷ್ಮಿಟ್ ಎಂಬ ಜರ್ಮನ್ ಪಂಡಿತರು ಪ್ರಕೃತಕ್ಕೆ ಮುಖ್ಯರು. ಕಾರ್ಲ್ಸ್‌ರೂಹೆ ವಿಶ್ವವಿದ್ಯಾನಿಲಯದಲ್ಲಿದ್ದಾಗ, ೨೦೦೦ದಲ್ಲಿ, ಅವರು ‘ಇಂಪ್ಲಿಸಿಟ್’ ವ್ಯವಹಾರಕ್ಕೆ ಲಕ್ಷಣವನ್ನು ಕಟ್ಟಿದರು. ಮನುಷ್ಯನು ಮಾಡುವ ಯಾವ ಕ್ರಿಯೆಯ ಮುಖ್ಯೋದ್ದೇಶ ಯಂತ್ರದೊಡನೆ ವ್ಯವಹರಿಸುವುದಲ್ಲವೋ, ಆದರೂ ಯಾವುದನ್ನು ಯಂತ್ರವು ತನಗೆ ಬಂದ ಸೂಚನೆಯೆಂದು ಗ್ರಹಿಸುವುದೋ, ಅದೇ ಇಂಪ್ಲಿಸಿಟ್ ವ್ಯವಹಾರ ಎಂಬುದು ಅವರ ಅಭಿಪ್ರಾಯ. ಅವರು ಕೊಟ್ಟ ಒಂದು ಉದಾಹರಣೆ ಸೊಗಸಾಗಿದೆ. ಒಂದು ಕಸದ ಡಬ್ಬಿ. ಅದರಲ್ಲಿ ಬಿಸಾಡಿದ ಪದಾರ್ಥದ ಮೇಲಣ ಗೆರೆಗಳ ಗುರುತನ್ನು ಅದು ಓದಿಕೊಂಡು, ಮನೆಗೆ ತರಬೇಕಾದ ಸಾಮಾನಿನ ಪಟ್ಟಿಯನ್ನು ತಾನೇ ಬರೆಯುತ್ತದೆ. ಬಿಸಾಡುವವನ ಮಟ್ಟಿಗೆ ಅದು ಬರಿಯ ಕಸದ ಡಬ್ಬಿ. ಯಂತ್ರದ ಮಟ್ಟಿಗೆ ಅದೊಂದು ನಿವೇದನೆ.

ಅದೇ ೨೦೦೦ದಲ್ಲಿ ಮೈಕ್ರೋಸಾಫ್ಟ್ ಸಂಶೋಧನಾಲಯದ ಕೆನ್ ಹಿಂಕ್ಲಿ ಮೊದಲಾದವರು ಅಂಗೈಯಗಲದ ಗಣಕಯಂತ್ರವೊಂದಕ್ಕೆ ಸ್ಪರ್ಶವನ್ನೂ ಸಾಮೀಪ್ಯವನ್ನೂ ಓರೆಯನ್ನೂ ಅರಿಯುವ ಸಂವೇದಕಗಳನ್ನು ಜೋಡಿಸಿ ಪರೀಕ್ಷಿಸಿದರು. ಯಂತ್ರವನ್ನು ಅಡ್ಡಲಾಗಿ ಹಿಡಿದರೆ ಪುಟವೂ ಅಡ್ಡವಾಗುವುದು, ಫೋನಿನಂತೆ ಮುಖದ ಬಳಿಗೆ ಹಿಡಿದರೆ ಮಾತನ್ನು ದಾಖಲಿಸತೊಡಗುವುದು ಅವರ ಪ್ರಯೋಗಗಳಲ್ಲಿ ಸೇರಿದ್ದುವು. ೨೦೦೭ರಲ್ಲಿ ಬಂದ ಮೊದಲ ಐಫೋನಿನಲ್ಲಿ ಓರೆ, ಸಾಮೀಪ್ಯ, ಬೆಳಕು ಈ ಮೂರನ್ನು ಅರಿಯುವ ಸಂವೇದಕಗಳಿದ್ದುವು. ಈಗ ಸಾಮಾನ್ಯನ ಜೇಬಿನಲ್ಲಿರುವ ಮೊಬೈಲಿನಲ್ಲಿಯೂ ಇವು ಇರುತ್ತವೆ. ವಿದ್ವಾಂಸರ ಪ್ರಯೋಗಶಾಲೆಯ ವಿಷಯವು ಹೀಗೆ ಲೋಕದ ವಿಷಯವಾಯಿತು.

೩

ಇನ್ನು ಪರೀಕ್ಷೆ. ‘ಇಂಪ್ಲಿಸಿಟ್’ ಎಂಬ ಶಬ್ದಕ್ಕೆ ಲ್ಯಾಟಿನ್ ಮೂಲದಲ್ಲಿ ಒಳಗೆ ಮಡಿಸಿದ್ದು ಎಂದೂ ‘ಎಕ್ಸ್‌ಪ್ಲಿಸಿಟ್’ ಎಂಬುದಕ್ಕೆ ಬಿಚ್ಚಿ ಹರಡಿದ್ದು ಎಂದೂ ಅರ್ಥ. ಒಳಗೆ ಮಡಿಸಿದ್ದು ಎಂದೊಡನೆ ಮಡಿಸಿದವನು ಯಾರು ಎಂಬ ಪ್ರಶ್ನೆ ಹುಟ್ಟಬೇಕು. ಕಾವ್ಯದಲ್ಲಿ ಇದಕ್ಕೆ ಉತ್ತರವಿದೆ: ಕವಿ. ವಾಚ್ಯಾರ್ಥದ ಒಳಗೆ ಇನ್ನೊಂದು ಅರ್ಥವನ್ನು ಅವನು ಇರಿಸುತ್ತಾನೆ. ಸಹೃದಯನು ಅದನ್ನು ಬಿಚ್ಚಿಕೊಳ್ಳುತ್ತಾನೆ. ಷ್ಮಿಟ್ಟರ ಲಕ್ಷಣದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಕ್ರಿಯೆಯ ಮುಖ್ಯೋದ್ದೇಶ ಬೇರೆ ಎಂದು ಅವರೇ ಹೇಳಿದ್ದಾರೆ. ಡಬ್ಬಿಗೆ ಕಸವನ್ನು ಹಾಕಿದವನು ಆ ಕ್ರಿಯೆಯೊಳಗೆ ಏನನ್ನೂ ಮಡಿಸಿ ಇಟ್ಟಿಲ್ಲ. ಇಲ್ಲದ ಮಡಿಕೆಯನ್ನು ಯಂತ್ರವು ಬಿಚ್ಚುತ್ತಿದೆ.

ಇಲ್ಲಿ ಒಬ್ಬ ಪ್ರೌಢ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: ‘ವ್ಯಂಗ್ಯಕ್ಕೆ ಹೇಳುವವನ ಇಚ್ಛೆ ಬೇಕೆಂಬ ನಿಯಮವೆಲ್ಲಿದೆ? ತನ್ನ ಪ್ರಣಯವನ್ನು ಮರೆಮಾಚಲು ನೀರಿನ ಕೊಡದ ಭಾರದಿಂದ ಬಳಲಿದೆನೆಂದು ನೆವ ಹೇಳುವ ನಾಯಿಕೆಯ ಉದಾಹರಣೆಯನ್ನು ಮಮ್ಮಟನು ಕಾವ್ಯಪ್ರಕಾಶದಲ್ಲಿ ಕೊಟ್ಟಿಲ್ಲವೆ? ಅವಳು ಮುಚ್ಚಿಡಬೇಕೆಂದೇ ಹೇಳಿದಳು. ಆದರೂ ವ್ಯಂಗ್ಯಾರ್ಥ ಹೊಮ್ಮಿತು. ಸ್ವೇದ ರೋಮಾಂಚಾದಿ ಸಾತ್ತ್ವಿಕಭಾವಗಳೂ ಇಚ್ಛೆಯಿಂದ ಹುಟ್ಟುವುವಲ್ಲ. ಆದರೂ ಅವು ರಸಕ್ಕೆ ವ್ಯಂಜಕಗಳು.’ ಆಕ್ಷೇಪವು ಸಮರ್ಥವಾಗಿದೆ. ಆದರೆ ಅಲ್ಲಿ ಇಲ್ಲದಿರುವುದು ಪಾತ್ರದ ವಿವಕ್ಷೆಯೇ ಹೊರತು ಕವಿಯ ವಿವಕ್ಷೆಯಲ್ಲ. ನಾಯಿಕೆಯು ಮುಚ್ಚಿಟ್ಟದ್ದನ್ನು ನಾವು ಕಾಣಲಿ ಎಂದು ಕವಿಯೇ ಆ ಮಾತನ್ನು ಅವಳ ಬಾಯಲ್ಲಿ ಇಟ್ಟಿದ್ದಾನೆ. ರಂಗದ ಮೇಲೆ ನಟನ ಬೆವರನ್ನು ನಾವು ಕಾಣಲೆಂದೇ ನಾಟ್ಯಪ್ರಯೋಗವು ನಿಯೋಜಿಸಿದೆ. ಮೊಬೈಲನ್ನು ಹಿಡಿದು ಮೆಟ್ಟಿಲು ಹತ್ತುವ ಗೃಹಸ್ಥನ ಹಿಂದೆ ಯಾವ ಕವಿಯೂ ಇಲ್ಲ. ಅವನ ಬೆವರು ಬೆವರೇ.

ಇಂಗಿತಚೇಷ್ಟೆಗಳು ವ್ಯಂಜಕವಾಗಬಲ್ಲುವೆಂಬುದನ್ನೂ ಮಮ್ಮಟನು ಒಪ್ಪಿದ್ದಾನೆ. ಈ ದೃಷ್ಟಿಯಿಂದ ಮೊಬೈಲಿನ ಕೆಲವು ವ್ಯವಹಾರಗಳಲ್ಲಿ ವ್ಯಂಜನೆಯ ಛಾಯೆ ಇದೆಯೆಂದು ಒಪ್ಪೋಣ. ಸಭೆಯಲ್ಲಿ ಕುಳಿತವನು ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟನೆನ್ನಿ. ಎದುರಿಗೆ ಕುಳಿತವನಿಗೆ ಅದು ‘ನಿನ್ನ ಮಾತಿಗೆ ಮನಸ್ಸು ಕೊಟ್ಟಿದ್ದೇನೆ’ ಎಂಬುದರ ವ್ಯಂಜಕ. ಆದರೆ ಹಾಗೆ ಕವುಚಿದೊಡನೆ ಕರೆಗಂಟೆಯನ್ನು ಅಡಗಿಸಬೇಕೆಂದು ಯಂತ್ರಕ್ಕೆ ಮೊದಲೇ ಗೊತ್ತುಮಾಡಿದ್ದರೆ, ಮತ್ತು ಇಟ್ಟವನು ಅದನ್ನು ತಿಳಿದೇ ಇಟ್ಟಿದ್ದರೆ, ಯಂತ್ರದ ಮಟ್ಟಿಗೆ ಅದು ಸಂಕೇತ. ಸಂಕೇತದಿಂದ ತಿಳಿಯುವುದು ವಾಚ್ಯವೇ. ಶಬ್ದದ ಬದಲು ಚೇಷ್ಟೆ ಬಂದಿತು, ಅಷ್ಟೆ. ಈ ಗೊತ್ತುಪಾಡನ್ನು ಅರಿಯದವನು ತನ್ನ ಫೋನನ್ನು ಯದೃಚ್ಛೆಯಾಗಿ ಕವುಚಿ ಇಟ್ಟು, ಬಂದ ಕರೆಯನ್ನು ಕೇಳದೆ ಹೋದರೆ? ಅವನದು ವಾಚ್ಯವೂ ಅಲ್ಲ, ವ್ಯಂಗ್ಯವೂ ಅಲ್ಲ. ಒಂದೇ ಕ್ರಿಯೆ, ಒಂದೇ ಯಂತ್ರ, ಒಂದೇ ಫಲ. ಭೇದವು ವಿವಕ್ಷೆಯಲ್ಲಿ ಮಾತ್ರ. ಆ ಭೇದವನ್ನು ಯಂತ್ರದ ಕಡೆಯಿಂದ ನೋಡಿದರೆ ಕಾಣುವುದಿಲ್ಲ. ಎರಡೇ ಬಗೆಗಳನ್ನು ಎಣಿಸಿದವರ ವಿಭಾಗದಲ್ಲಿ ಈ ತೊಡಕು ಬಿಡದೆ ಉಳಿದಿದೆ.

೪

ಹಾಗಾದರೆ ಈ ಎರಡನೆಯ ಬಗೆಯ ವ್ಯವಹಾರ ಏನು? ಅನುಮಾನ ಎಂದು ನಮ್ಮ ಉತ್ತರ. ಧ್ವನಿಯೆಲ್ಲವೂ ಅನುಮಾನದಲ್ಲಿ ಅಡಗುವುದೆಂದು ಮಹಿಮಭಟ್ಟನು ವ್ಯಕ್ತಿವಿವೇಕದಲ್ಲಿ ವಾದಿಸಿದನು. ಆಲಂಕಾರಿಕರು ಅದನ್ನು ಒಪ್ಪಲಿಲ್ಲ. ಕಾವ್ಯದ ವಿಷಯದಲ್ಲಿ ಒಪ್ಪದಿದ್ದುದು ಸರಿಯೇ. ಆದರೆ ಕಾವ್ಯದಲ್ಲಿ ಸೋತ ಆ ವಾದವು ಮೊಬೈಲಿನ ವಿಷಯದಲ್ಲಿ ಗೆಲ್ಲುತ್ತದೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಯಂತ್ರವು ನಮ್ಮ ದೇಹದ ಲಿಂಗಗಳನ್ನು ಕಂಡು ನಮ್ಮ ಇಚ್ಛೆಯನ್ನು ಊಹಿಸುತ್ತದೆ. ಹೊಗೆಯು ಬೆಂಕಿಯನ್ನು ‘ಹೇಳುವುದಿಲ್ಲ’, ನೋಡಿದವನು ತಿಳಿದುಕೊಳ್ಳುತ್ತಾನೆ.

ಪುಟವು ತಾನಾಗಿ ತಿರುಗುವ ವ್ಯವಸ್ಥೆಯನ್ನು ನೈಯಾಯಿಕರ ಪಂಚಾವಯವ ವಾಕ್ಯದಲ್ಲಿ ಇಟ್ಟು ನೋಡೋಣ. ಈ ಓದುಗನಿಗೆ ಪುಟವು ಅಡ್ಡವಾಗಬೇಕಾಗಿದೆ ಎಂಬುದು ಪ್ರತಿಜ್ಞೆ. ಯಂತ್ರವು ಅಡ್ಡವಾಗಿದೆ, ಆದುದರಿಂದ ಎಂಬುದು ಹೇತು. ಎಲ್ಲಿ ಯಂತ್ರವು ಅಡ್ಡವಾಗುವುದೋ ಅಲ್ಲಿ ಪುಟವೂ ಅಡ್ಡವಾಗಬೇಕಾಗುವುದು, ಚಲನಚಿತ್ರವನ್ನು ನೋಡುವವನಲ್ಲಿ ಹೇಗೋ ಹಾಗೆ, ಎಂಬುದು ಉದಾಹರಣೆ. ಇವನ ಯಂತ್ರವೂ ಹಾಗೆಯೇ ಇದೆ ಎಂಬುದು ಉಪನಯ. ಆದುದರಿಂದ ಪುಟವನ್ನು ತಿರುಗಿಸತಕ್ಕದ್ದು ಎಂಬುದು ನಿಗಮನ. ಈಗ ಹಾಸಿಗೆಯ ಮೇಲೆ ಪಕ್ಕಕ್ಕೆ ಮಲಗಿ ಓದುವವನನ್ನು ನೆನೆಯಿರಿ. ಅವನ ಮುಖವೂ ಅಡ್ಡ, ಯಂತ್ರವೂ ಅಡ್ಡ. ಆದುದರಿಂದ ಪುಟವು ಇದ್ದಂತೆಯೇ ಇರಬೇಕು. ಆದರೂ ಅದು ತಿರುಗಿಬಿಡುತ್ತದೆ. ಯಂತ್ರದಲ್ಲಿರುವ ಸಂವೇದಕವು ಭೂಮಿಯ ಸೆಳೆತದ ದಿಕ್ಕನ್ನು ಅಳೆಯಬಲ್ಲುದು. ಓದುಗನ ಮುಖದ ದಿಕ್ಕನ್ನು ಅದು ಅರಿಯದು. ಹೇತುವು ಸವ್ಯಭಿಚಾರವಾಯಿತು. ‘ಓದುವವನ ಮುಖವು ನೆಟ್ಟಗಿರುವುದು’ ಎಂಬುದು ಇಲ್ಲಿ ಉಪಾಧಿ. ಹೊಗೆಗೆ ಹಸಿಯ ಸೌದೆ ಉಪಾಧಿಯಾದಂತೆ. ಉಪಾಧಿಯನ್ನು ಕಾಣದೆ ವ್ಯಾಪ್ತಿಯನ್ನು ಕಟ್ಟಿದ್ದರಿಂದ ದೋಷವು ಬಂದಿತು.

ಷ್ಮಿಟ್ಟರ ಕಸದ ಡಬ್ಬಿಗೂ ಇದೇ ಗತಿ. ಉಪ್ಪಿನಕಾಯಿಯ ಶೀಸೆ ಬರಿದಾದುದರಿಂದ ಒಬ್ಬನು ಅದನ್ನು ಎಸೆಯುತ್ತಾನೆ. ಬೂಸಲು ಹಿಡಿದುದರಿಂದ ಇನ್ನೊಬ್ಬನು ಎಸೆಯುತ್ತಾನೆ. ರುಚಿಯು ಹಿಡಿಸದೆ, ಇನ್ನು ಮುಂದೆ ಇದು ಮನೆಗೆ ಬರಬಾರದೆಂದು ಮತ್ತೊಬ್ಬನು ಎಸೆಯುತ್ತಾನೆ. ಡಬ್ಬಿಯು ಮೂವರಿಗೂ ಅದೇ ಶೀಸೆಯನ್ನು ಪಟ್ಟಿಯಲ್ಲಿ ಬರೆಯುತ್ತದೆ. ಮೂರನೆಯವನ ವಿಷಯದಲ್ಲಿ ಅದರ ಬರಹವು ಅವನ ಇಚ್ಛೆಗೆ ನೇರವಾಗಿ ವಿರುದ್ಧ. ಕೈಗೆ ಕಟ್ಟುವ ಗಡಿಯಾರವು ಚರ್ಮದ ಮೇಲೆ ಹಸುರು ಬೆಳಕನ್ನು ಬೀರಿ, ರಕ್ತವು ಅದನ್ನು ಹೀರುವ ಏರಿಳಿತದಿಂದ ನಾಡಿಯನ್ನು ಎಣಿಸುತ್ತದೆ. ನಾಡಿಯ ಎಣಿಕೆಯು ಅಳತೆ. ಅದರಲ್ಲಿ ನಮಗೆ ವಿವಾದವಿಲ್ಲ. ಆದರೆ ನಾಡಿಯು ವೇಗವಾಗಿದೆ, ಆದುದರಿಂದ ಇವನು ಕಳವಳಗೊಂಡಿದ್ದಾನೆ ಎಂದೊಡನೆ ಅಳತೆಯು ಅನುಮಾನವಾಯಿತು. ಮೆಟ್ಟಿಲನ್ನು ಹತ್ತಿದವನಿಗೂ ಜ್ವರ ಬಂದವನಿಗೂ ಕಾಫಿಯನ್ನು ಕುಡಿದವನಿಗೂ ಪ್ರಿಯಜನರನ್ನು ಕಂಡವನಿಗೂ ನಾಡಿಯು ವೇಗವಾಗುವುದು. ವಿಭಾವವನ್ನು ತಿಳಿಯದೆ ಅನುಭಾವದಿಂದಲೇ ಭಾವವನ್ನು ನಿರ್ಣಯಿಸಲಾಗದೆಂಬುದನ್ನು ರಸಪ್ರಕರಣವನ್ನು ಓದಿದ ವಿದ್ಯಾರ್ಥಿಯೂ ಬಲ್ಲನು.

ಮೊದಲನೆಯ ಬಗೆಯಲ್ಲಿಯೂ ಅನುಮಾನದ ಅಂಶವೊಂದಿದೆಯೆಂಬುದನ್ನು ಇಲ್ಲಿ ಹೇಳದಿದ್ದರೆ ವಿಚಾರವು ಏಕಪಕ್ಷವಾದೀತು. ಶಬ್ದಗಳಿಗೆ ಅನುಮೇಯವೆಂದೂ ಪ್ರತಿಪಾದ್ಯವೆಂದೂ ಎರಡು ಬಗೆಯ ವಿಷಯವನ್ನು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಬೇರ್ಪಡಿಸಿದ್ದಾನೆ. ಇವನು ಏನನ್ನೋ ಹೇಳಬಯಸಿದ್ದಾನೆ ಎಂಬ ವಿವಕ್ಷೆಯು ಅನುಮೇಯ. ಹೇಳಿದ ಅರ್ಥವು ಪ್ರತಿಪಾದ್ಯ. ಜೇಬಿನೊಳಗೆ ಬಟ್ಟೆಯ ಒತ್ತಡಕ್ಕೆ ತಾನಾಗಿ ಕರೆ ಹೋದಾಗ, ಗುಂಡಿಯನ್ನು ಒತ್ತಿದುದು ನಿಜ, ವಿವಕ್ಷೆ ಮಾತ್ರ ಇಲ್ಲ. ಗಿಳಿಯ ಮಾತಿನಂತೆ ಅದು ಬರಿಯ ರೂಪ. ಹೀಗೆ ವಾಚ್ಯವ್ಯವಹಾರದ ಹೊಸ್ತಿಲಲ್ಲಿ ಒಂದು ಅನುಮಾನ ನಿಂತಿದೆ. ಒಳಗೆ ಹೋದ ಮೇಲೆ ಅರ್ಥವು ಹೇಳಿದವನದೇ. ಎರಡನೆಯ ಬಗೆಯಲ್ಲಾದರೋ ಹೊಸ್ತಿಲೂ ಅನುಮಾನ, ಮನೆಯೂ ಅನುಮಾನ.

೫

ಇದಕ್ಕೆ ಪ್ರತಿಪಕ್ಷದವರು ಸಂದರ್ಭವನ್ನು ಮುಂದೊಡ್ಡುವರು. ಒಂದೊಂದು ಲಿಂಗವು ವ್ಯಭಿಚರಿಸಿದರೂ, ಸ್ಥಳ, ಕಾಲ, ಬೆಳಕು, ಚಲನೆ, ಸಮೀಪದಲ್ಲಿರುವವರು ಇವೆಲ್ಲವನ್ನೂ ಕೂಡಿಸಿ ನೋಡಿದರೆ ಇಚ್ಛೆಯು ನಿಶ್ಚಿತವಾಗುವುದೆಂದು ಅವರ ಮತ. ೨೦೦೧ರಲ್ಲಿ ಅನಿಂದ್ ಡೇ ಎಂಬ ವಿದ್ವಾಂಸರು ಸಂದರ್ಭಕ್ಕೆ ಬಹು ವಿಶಾಲವಾದ ಲಕ್ಷಣವನ್ನು ಕೊಟ್ಟರು: ವ್ಯವಹಾರಕ್ಕೆ ಸಂಬಂಧಪಟ್ಟ ವ್ಯಕ್ತಿಯ, ಸ್ಥಳದ ಅಥವಾ ವಸ್ತುವಿನ ಸ್ಥಿತಿಯನ್ನು ನಿರೂಪಿಸಲು ಉಪಯೋಗವಾಗುವ ಮಾಹಿತಿಯೆಲ್ಲವೂ ಸಂದರ್ಭವೇ ಎಂದು.

ನಮ್ಮ ಶಾಸ್ತ್ರಕಾರರಿಗೆ ಸಂದರ್ಭದ ಮಹತ್ತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಭರ್ತೃಹರಿಯು ವಾಕ್ಯಪದೀಯದಲ್ಲಿ ಸಂಯೋಗ, ವಿಪ್ರಯೋಗ, ಪ್ರಕರಣ, ಲಿಂಗ, ದೇಶ, ಕಾಲ ಮೊದಲಾದುವನ್ನು ಎಣಿಸಿದ್ದಾನೆ. ಮಮ್ಮಟನು ವಕ್ತೃ, ಬೋದ್ಧವ್ಯ, ಕಾಕು, ಪ್ರಸ್ತಾವ, ದೇಶ, ಕಾಲಗಳನ್ನು ಎಣಿಸಿದ್ದಾನೆ. ಸೂರ್ಯನು ಮುಳುಗಿದನು ಎಂಬ ಒಂದೇ ವಾಕ್ಯವು ಕೆಲಸಗಾರನಿಗೆ ಕೆಲಸವನ್ನು ನಿಲ್ಲಿಸೆಂದೂ, ಗೋಪಾಲಕನಿಗೆ ದನಗಳನ್ನು ಮನೆಗೆ ಹೊಡೆಯೆಂದೂ, ಅಭಿಸಾರಿಕೆಗೆ ಹೊರಡೆಂದೂ ಅರ್ಥವಾಗುವ ಪ್ರಸಂಗವನ್ನು ಅಲಂಕಾರಶಾಸ್ತ್ರದ ಪಾಠದಲ್ಲಿ ಕೇಳದವರಿಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಭರ್ತೃಹರಿಯ ಪಟ್ಟಿಯು ಹೊರಟಿರುವುದು ಉಚ್ಚರಿತವಾದ ಶಬ್ದದ ಅರ್ಥದಲ್ಲಿ ಸಂದೇಹ ಬಂದಾಗ, ಹಲವು ಅರ್ಥಗಳಲ್ಲಿ ಒಂದನ್ನು ನೆಲೆಗೊಳಿಸುವುದಕ್ಕೆ. ಮಮ್ಮಟನ ಪಟ್ಟಿಯಲ್ಲಿಯೂ ಮೊದಲು ಒಂದು ಮಾತು ಅಥವಾ ಒಂದು ಚೇಷ್ಟೆ ಇರಲೇಬೇಕು. ಸಂದರ್ಭವು ಹೇಳಿದ ಮಾತಿಗೆ ಸಹಕಾರಿಯೇ ಹೊರತು ತಾನೇ ಮಾತನಾಡುವುದಲ್ಲ. ಗೋಪಾಲಕನಿಗೆ ಸೂರ್ಯನು ಮುಳುಗಿದನೆಂದು ಯಾರೂ ಹೇಳದೆ, ಸಂಜೆಯಾದುದನ್ನು ತಾನೇ ಕಂಡು ದನಗಳನ್ನು ಹೊಡೆದುಕೊಂಡು ಬಂದರೆ, ಅವನು ಬುದ್ಧಿವಂತನೆನ್ನಬಹುದು. ಆದರೆ ಯಜಮಾನನು ಅಪ್ಪಣೆ ಕೊಟ್ಟನೆನ್ನಲಾಗದು. ಅಂದು ಹುಣ್ಣಿಮೆಯ ಬೆಳಕಿನಲ್ಲಿ ಮೇಯಲೆಂದು ಯಜಮಾನನ ಮನಸ್ಸಿನಲ್ಲಿದ್ದರೆ ತಪ್ಪಿನ ಹೊಣೆ ಗೋಪಾಲಕನದೇ.

೬

ಈ ಹೊಣೆಯ ಪ್ರಶ್ನೆಯೇ ನಮ್ಮ ವಿಚಾರದ ತಿರುಳು. ವಾಚ್ಯವಾಗಲಿ ವ್ಯಂಗ್ಯವಾಗಲಿ ಅರ್ಥಕ್ಕೆ ಹೇಳಿದವನು ಹೊಣೆಗಾರ. ಅನುಮಾನಕ್ಕೆ ಅನುಮಾನಿಸಿದವನು ಹೊಣೆಗಾರ. ಯಂತ್ರದ ಊಹೆಯನ್ನು ಬಳಸುವವನ ಮೌನಭಾಷಣವೆಂದು ಕರೆದೊಡನೆ ಊಹಿಸಿದವನ ಹೊಣೆಯು ಸದ್ದಿಲ್ಲದೆ ಊಹೆಗೆ ಗುರಿಯಾದವನ ತಲೆಯ ಮೇಲೆ ಬಂದು ಕೂರುತ್ತದೆ. ಒಂದು ಜಾಹೀರಾತಿನ ಮೇಲೆ ಬೆರಳು ಕ್ಷಣಕಾಲ ನಿಂತಿತು. ಯಾರೋ ಬಾಗಿಲು ತಟ್ಟಿದ್ದರಿಂದ ನಿಂತಿತೋ, ಅಸಹ್ಯದಿಂದ ನಿಂತಿತೋ ಯಂತ್ರಕ್ಕೆ ತಿಳಿಯದು. ಅದನ್ನು ಅಭಿರುಚಿಯೆಂದು ಬರೆದುಕೊಂಡು, ಅಂಥದೇ ಹತ್ತನ್ನು ಮುಂದೊಡ್ಡಿ, ‘ಇದನ್ನು ನೀನೇ ಕೇಳಿದೆ’ ಎನ್ನುವ ವ್ಯವಸ್ಥೆಯು ನ್ಯಾಯವಾದುದಲ್ಲ. ಅವನು ಕೇಳಲಿಲ್ಲ; ಅದು ಊಹಿಸಿತು.

ನಮ್ಮ ದೇಶದ ಶಾಸನವು ಈ ಭೇದವನ್ನು ಗುರುತಿಸಿದೆ. ೨೦೨೩ರಲ್ಲಿ ಅಂಗೀಕೃತವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮದ ಆರನೆಯ ಪ್ರಕರಣವು, ಸಮ್ಮತಿಯೆಂಬುದು ಸ್ವತಂತ್ರವೂ ನಿರ್ದಿಷ್ಟವೂ ತಿಳಿವಳಿಕೆಯಿಂದ ಕೂಡಿದುದೂ ಅಸಂದಿಗ್ಧವೂ ಆಗಿ, ಸ್ಪಷ್ಟವಾದ ಒಪ್ಪಿಗೆಯ ಕ್ರಿಯೆಯಿಂದ ವ್ಯಕ್ತವಾಗಬೇಕೆಂದು ವಿಧಿಸುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಸಮ್ಮತಿಯು ವಾಚ್ಯವಾಗಿರತಕ್ಕದ್ದು. ಏಳನೆಯ ಪ್ರಕರಣದಲ್ಲಿ, ತಾನಾಗಿ ಮಾಹಿತಿಯನ್ನು ಕೊಟ್ಟು ಬೇಡವೆನ್ನದಿದ್ದವನ ವಿಷಯದಲ್ಲಿ ಸಡಿಲಿಕೆಯಿದ್ದರೂ ಅದು ಅವನು ಕೊಟ್ಟ ಉದ್ದೇಶದ ಮಟ್ಟಿಗೆ ಮಾತ್ರ. ಕೊಡುವುದೂ ಅಲ್ಲಿ ಅವನದೇ ಕ್ರಿಯೆ.

ಅನುಮಾನವೇ ಬೇಡವೆಂದು ನಮ್ಮ ಮತವಲ್ಲ. ಕಿವಿಗೆ ಹಿಡಿದಾಗ ತೆರೆಯು ಆರಿಹೋಗಿ, ಕೆನ್ನೆಯು ತಗುಲಿ ಕರೆಯು ಕಡಿಯದಂತೆ ಮಾಡುವ ಉಪಾಯವನ್ನು ಯಾರು ಬೇಡವೆಂದಾರು? ಬೇಕಾದುದು ಬಲಾಬಲದ ನಿರ್ಣಯ. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆಗಳು ಪರಸ್ಪರ ವಿರೋಧಿಸಿದಾಗ ಮುಂದುಮುಂದಿನವು ದುರ್ಬಲವೆಂದು ಜೈಮಿನಿಯು ಮೂರನೆಯ ಅಧ್ಯಾಯದಲ್ಲಿ ನಿರ್ಣಯಿಸಿದ್ದಾನೆ. ಅರ್ಥವು ದೂರವಾಗುತ್ತ ಹೋಗುವುದೇ ಕಾರಣ. ಮೀಮಾಂಸಕರ ಲಿಂಗವು ನೈಯಾಯಿಕರ ಲಿಂಗವಲ್ಲವೆಂಬುದನ್ನು ನಾವು ಮರೆತಿಲ್ಲ. ಆದರೂ ನ್ಯಾಯವು ಇಲ್ಲಿಗೆ ಒಪ್ಪುತ್ತದೆ. ನೇರವಾಗಿ ಹೇಳಿದ ಮಾತು ಊಹೆಯನ್ನು ಬಾಧಿಸಬೇಕು. ಪುಟವು ತಿರುಗಕೂಡದೆಂದು ಒಮ್ಮೆ ಬೀಗ ಹಾಕಿದವನ ಮಾತಿನ ಮುಂದೆ ಓರೆಯ ಸಂವೇದಕದ ಅನುಮಾನವು ಬಾಧಿತವಾಗುವುದು ಈ ನ್ಯಾಯಕ್ಕೆ ಅನುಗುಣ. ಬೇಡವೆಂದ ಮೇಲೆಯೂ ನಡಿಗೆಯನ್ನೂ ನೆಲೆಯನ್ನೂ ಬರೆದುಕೊಳ್ಳುವ ಯಂತ್ರವು ಶ್ರುತಿಯನ್ನು ಲಿಂಗದಿಂದ ತಳ್ಳಿದಂತೆ.

ಆ ಶಾಸ್ತ್ರದವರಲ್ಲಿಯೇ ಈ ಎಚ್ಚರವುಳ್ಳವರು ಇಲ್ಲದಿಲ್ಲ. ವಿಕ್ಟೋರಿಯಾ ಬೆಲ್ಲೊಟಿ ಮೊದಲಾದವರು ೨೦೦೨ರಲ್ಲಿ ಇಂಥ ಯಂತ್ರಗಳಿಗೆ ಐದು ಪ್ರಶ್ನೆಗಳನ್ನು ಹಾಕಿದರು. ಯಂತ್ರವನ್ನು ಸಂಬೋಧಿಸುವುದು ಹೇಗೆ, ಅದು ಗಮನ ಕೊಟ್ಟಿದೆಯೆಂದು ತಿಳಿಯುವುದು ಹೇಗೆ, ಕಾರ್ಯವನ್ನು ಹೇಳುವುದು ಹೇಗೆ, ಅದು ಸರಿಯಾಗಿ ಗ್ರಹಿಸಿತೆಂದು ಅರಿಯುವುದು ಹೇಗೆ, ತಪ್ಪಾದಾಗ ಪರಿಹಾರವೇನು ಎಂಬಿವು. ಮನುಷ್ಯರ ಸಂವಾದದಲ್ಲಿ ತಾವಾಗಿ ಪರಿಹಾರವಾಗುವ ಈ ಪ್ರಶ್ನೆಗಳು ಮೂಕವಾದ ಸಂವೇದಕದ ಮುಂದೆ ಉತ್ತರವಿಲ್ಲದೆ ನಿಲ್ಲುವುದನ್ನು ಅವರು ಕಂಡುಕೊಂಡರು.

ಉತ್ತಮವಾದ ಅನುಮಾನದ ಉದಾಹರಣೆಯು ನಮ್ಮ ಕೈಯಲ್ಲಿಯೇ ಇದೆ. ರೋಮನ್ ಲಿಪಿಯಲ್ಲಿ, ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಎಣಿಸದೆ, ಕನ್ನಡವನ್ನು ಬರೆಯುವವನು ಒಂದು ಮಾತನ್ನು ಒತ್ತುತ್ತಾನೆ. ಅದು ‘ಕಲೆ’ಯೋ ‘ಕಳೆ’ಯೋ ಯಂತ್ರಕ್ಕೆ ತಿಳಿಯದು. ಅದು ಎರಡನ್ನೂ ಸಾಲಾಗಿ ಮೇಲೆ ತೋರಿಸಿ ಕಾಯುತ್ತದೆ. ಬರೆಯುವವನು ಬೇಕಾದುದನ್ನು ಮುಟ್ಟುತ್ತಾನೆ. ಇಲ್ಲಿ ಅನುಮಾನವು ತಾನು ಅನುಮಾನವೆಂದು ಒಪ್ಪಿಕೊಂಡು ಅನುಮತಿಯನ್ನು ಬೇಡಿತು. ಕೊನೆಯ ಅರ್ಥವು ವಾಚ್ಯವಾಯಿತು, ಬರೆದವನದಾಯಿತು. ಅದೇ ಯಂತ್ರವು ಕೇಳದೆಯೇ ಒಂದನ್ನು ಇಟ್ಟು ಮುಂದೆ ಸಾಗಿದರೆ ಕಲಾವಿದನನ್ನು ಹೊಗಳಿದ ಪತ್ರದಲ್ಲಿ ಕಳೆಯು ಬೆಳೆದೀತು. ಕೆಳಗಿರುವ ಸಹಿ ಮಾತ್ರ ಬರೆದವನದೇ.

ಆದುದರಿಂದ ‘ಇಂಪ್ಲಿಸಿಟ್’ ವ್ಯವಹಾರಕ್ಕೆ ಕನ್ನಡದಲ್ಲಿ ವ್ಯಂಗ್ಯವೆಂದಾಗಲಿ ಧ್ವನಿಯೆಂದಾಗಲಿ ಹೆಸರಿಡಬಾರದೆಂದೂ, ‘ಅನುಮೇಯ ವ್ಯವಹಾರ’ವೆಂದು ಕರೆಯುವುದು ಯುಕ್ತವೆಂದೂ ಪರಿಭಾಷೆಯನ್ನು ರಚಿಸುವ ವಿದ್ವಾಂಸರಲ್ಲಿ ನಮ್ಮ ವಿಜ್ಞಾಪನೆ. ಲೋಕದಲ್ಲಿ ವ್ಯಂಗ್ಯವೆಂದರೆ ಕೊಂಕುನುಡಿಯೆಂಬ ಅರ್ಥವು ರೂಢವಾಗಿರುವುದೂ ಇದಕ್ಕೆ ಇನ್ನೊಂದು ಕಾರಣ. ಅನುಮೇಯವೆಂದು ಕರೆದರೆ, ಅನುಮಾನಿಸಿದವನೊಬ್ಬನಿದ್ದಾನೆಂಬುದೂ ಅವನ ಹೇತುವನ್ನು ಪರೀಕ್ಷಿಸುವ ಹಕ್ಕು ನಮಗಿದೆಯೆಂಬುದೂ ಆ ಹೆಸರಿನಿಂದಲೇ ತಿಳಿಯುತ್ತದೆ. ತರಗತಿಯಲ್ಲಿ ಧ್ವನಿಯನ್ನು ಪಾಠ ಹೇಳುವ ಅಧ್ಯಾಪಕರು ವಿದ್ಯಾರ್ಥಿಗಳ ಜೇಬಿನಲ್ಲಿರುವ ಯಂತ್ರವನ್ನೇ ಪ್ರತ್ಯುದಾಹರಣೆಯಾಗಿ ಎತ್ತಿಕೊಂಡರೆ, ವ್ಯಂಜನೆಗೂ ಅನುಮಾನಕ್ಕೂ ಇರುವ ಅಂತರವು ಅವರಿಗೆ ಸುಲಭವಾಗಿ ಮನವರಿಕೆಯಾದೀತು. ಇದರಲ್ಲಿ ದೋಷವಿದ್ದರೆ ಬಲ್ಲವರು ತಿದ್ದಬೇಕಾಗಿ ಪ್ರಾರ್ಥನೆ.